ಗುಂಜಿ ದಾಟದ ಗಾಡಿ

ಅಕ್ಕೋರ ಎಡಗೈ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಚರ್ಮ ಬಿಳುಪೇರಿ ಗಟ್ಟಿಯಾಗಿದೆ. ಆಟದ ರೈಲಿನ ಹಳಿಗೆ ವೈರು ಬೆಸೆಯುವಾಗ, ಸುಡುವ ವೈರನ್ನು ಬಿಡದೆ ಹಿಡಿದದ್ದರ ಗುರುತು ಅದು. "ಸೀಸ ಆರೂತನಕ ಕೈ ಅಳ್ಳಾಡಬಾರದು" ಎನ್ನುತ್ತಾರೆ.

ಖಾನಾಪುರದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತಿಯ ನಂತರ ಎರಡು ಹಳೆಯ ಕದಗಳನ್ನು ಜೋಡಿಸಿ, ಅದರ ಮೇಲೆ ತಾವು ಆಡಿ ಬೆಳೆದ ಗುಂಜಿಯ ಸ್ಟೇಷನ್ ಕಟ್ಟಿದರು. ರಟ್ಟಿನ ಪ್ಲಾಟ್‌ಫಾರ್ಮ್, ತೆಂಗಿನ ನಾರಿನ ಕಾಡು, ಸುತ್ತಲೂ ಎರಡು ಬೆರಳಗಲದ ಹಳಿ. ಗಾಡಿ ಮಾತ್ರ ಗುಂಜಿ ದಾಟುತ್ತಿರಲಿಲ್ಲ. ಹಳಿಯ ತುಂಡುಗಳು ಕೂಡುವಲ್ಲಿ ಕರೆಂಟು ಸರಿಯಾಗಿ ಹರಿಯುತ್ತಿರಲಿಲ್ಲ. ಹೀಗಾಗಿ ಒಂದೊಂದು ತುಂಡಿಗೂ ಬೇರೆ ಬೇರೆ ವೈರು ಬೆಸೆಯಲು ಕುಳಿತರು. ಬೆಳಗಾವಿಯ ಫೌಂಡ್ರಿಯೊಂದರ ಆಫೀಸಿನಲ್ಲಿರುವ ನಾನು ರವಿವಾರ ಊರಿಗೆ ಬಂದಾಗ ಅವರ ಜೊತೆ ಕೂರುತ್ತಿದ್ದೆ.

ಬೆಸೆಯುವ ಮೊದಲು ಹಳಿಯನ್ನು ಮೆತ್ತನೆಯ ಬ್ರಶ್ಶಿನಿಂದ ಗುಡಿಸುತ್ತಿದ್ದರು, ಇರುವೆ ಸುಡಬಾರದೆಂದು. ಜೈನರ ಮನೆ. ಒಲೆ ಹಚ್ಚುವಾಗಲೂ ಹಾಗೆಯೇ.

"ಇಂಜಿನ್ ಅಡಿಗೆ ಸಿಕ್ಕರ ಏನ ಮಾಡತೀರಿ ಅಕ್ಕೋರ?"

"ಇಂಜಿನ್ ಓಡಸಾಕಿ ನೀ. ಪಾಪ ನಿನಗ ಬರತೈತಿ, ನನಗ ಯಾಕ?"

ಇನ್ನೊಂದು ರೂಢಿಯಿತ್ತು: ಯಾವ ಲೋಹವನ್ನಾದರೂ ಮೊದಲು ಹಿಂಗೈಯಲ್ಲಿ ಮುಟ್ಟುವುದು. "ಅಂಗೈಲೆ ಮುಟ್ಟಿದರ ಕರೆಂಟು ಹಿಡಕೋತೈತಿ, ಹಿಂಗೈಲೆ ಮುಟ್ಟಿದರ ಒಗೀತೈತಿ" ಎಂದು ತರಗತಿಯಲ್ಲಿ ಹೇಳಿ, ಆ ಕೂಡಲೇ "ಅಂತ ಹೋಗಿ ಮುಟ್ಟಿ ನೋಡಬ್ಯಾಡ್ರಿ ಮತ್ತ" ಎಂದು ಗದರುತ್ತಿದ್ದರು.

ಕಳೆದ ತಿಂಗಳು ಒಂದು ಮಧ್ಯಾಹ್ನ, ಕಾದ ಸೋಲ್ಡರಿಂಗ್ ಐರನ್ ಅವರ ಕೈಯಲ್ಲಿದ್ದಾಗಲೇ ಹಳಿಯ ಮೇಲೊಂದು ಇರುವೆ ಬಂತು. ಅವಸರದಲ್ಲಿ ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸದೆ ಹಳಿಯ ಪಕ್ಕದಲ್ಲೇ ಇಟ್ಟರು. ಇರುವೆಯನ್ನು ಕಾಗದದ ಚೂರಿಗೆ ಹತ್ತಿಸಿಕೊಂಡು, ಕಿಟಕಿಯಾಚೆ ಬಿಟ್ಟು ಬಂದರು. ಅಷ್ಟರಲ್ಲಿ ಐರನ್ ಉರುಳಿ, ತನ್ನದೇ ವೈರಿನ ಮೇಲೆ ಬಿದ್ದು ಅದರ ಹೊದಿಕೆ ಕರಗಿಸಿತ್ತು. ಒಳಗಿನ ತಾಮ್ರದ ಎಳೆ ಹಳಿಗೆ ತಾಗಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಕೂಗು ಗಂಟಲಿನಿಂದ ಹೊರಡುವುದರೊಳಗೆ ಅವರ ಕೈ ಹಳಿಗೆ ಇಳಿದಿತ್ತು. ಹಿಂಗೈ. ಯಾರೋ ಒದ್ದಂತೆ ಕೈ ಹಾರಿತು, ಅಕ್ಕೋರು ಸ್ಟೂಲಿನೊಡನೆ ಉರುಳಿದರು.

ಪ್ಲಗ್ ಕಿತ್ತದ್ದು ನೆನಪಿದೆ. ಆಮೇಲೆ ಅವರ ಎದೆಗೆ ಕಿವಿಯಾನಿಸಿದ್ದು.

"ತಲಿ ತಗೀ. ಭಾರ ಆಗತೈತಿ" ಎಂದರು.

ಬಾಡಿಗೆ ಕಾರು ಮಾಡಿಕೊಂಡು ಬೆಳಗಾವಿಗೆ ಕರೆದೊಯ್ದೆ. ಇಸಿಜಿ ನೋಡಿದ ತರುಣ ಡಾಕ್ಟರು ನಕ್ಕರು. "ಅಜ್ಜಿ, ಹಾರ್ಟ್ ಛಲೋ ಐತಿ. ಈ ವಯಸ್ಸಿನ್ಯಾಗ ಆಟಿಗಿ ಸಾಮಾನು ಯಾಕ ಬೇಕ್ರೀ?"

"ನಿನ್ನ ಮಷೀನಿಗೆ ಅರ್ಥಿಂಗ್ ಐತೇನು, ಮೊದಲ ಅದನ್ನ ಹೇಳು."

ನಾನು ಹೊರಗೆ ಹೋಗಿ ಗೋಡೆಗೊರಗಿ ಅತ್ತೆ. ನಗುವೂ ಬರುತ್ತಿತ್ತು. ಇವತ್ತಿಗೂ ಬಸ್ಸಿನ ಕಂಬಿ ಹಿಡಿಯುವಾಗ ಆ ಕೈ ಹಳಿಯತ್ತ ಇಳಿಯುವುದು ಕಾಣುತ್ತದೆ. ನಂತರ, ಏನೂ ಆಗಲಿಲ್ಲವಲ್ಲ ಎಂದು ನೆನಪಾಗುತ್ತದೆ.

ಈಗ ಆ ಮನೆಯಲ್ಲಿ, ಶಾಕ್ ಹೊಡೆದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು ಕೂರಿಸಿದ್ದೇವೆ. ಐರನ್ ಹೊಸದು. ಪ್ಲಗ್ ಹಚ್ಚುವ, ಕೀಳುವ ಕೆಲಸವನ್ನು ನನಗೆ ವಹಿಸಿದ್ದಾರೆ. ಹೋದ ರವಿವಾರ ಕೊನೆಯ ತುಂಡಿನ ಬೆಸುಗೆ ಮುಗಿಯಿತು. ಗಾಡಿಯನ್ನು ಹಳಿಯ ಮೇಲಿಟ್ಟು "ಹಚ್ಚು" ಎಂದರು. ಪ್ಲಗ್ಗನ್ನು ತೂತಿನವರೆಗೆ ಒಯ್ದು, ಹಚ್ಚದೆ ಕೆಳಗಿಳಿಸಿದೆ. ಅವರು ಎದ್ದು ಬಂದು ಕಸಿದುಕೊಳ್ಳಲಿಲ್ಲ, ಚೇಷ್ಟೆ ಮಾಡಲಿಲ್ಲ. ಕೈಕಟ್ಟಿ ಕುಳಿತರು. ಎಂಟನೆಯ ತರಗತಿಯಲ್ಲಿ ನಾನು ಉತ್ತರ ಮರೆತು ಹಲಗೆಯ ಮುಂದೆ ನಿಂತಿದ್ದಾಗ, ನಗುವ ಹುಡುಗರನ್ನು ಕಣ್ಣಿನಲ್ಲೇ ಸುಮ್ಮನಾಗಿಸಿ ಹೀಗೆಯೇ ಕಾದಿದ್ದರು. ಕೊನೆಗೂ ಅಂದು ಉತ್ತರ ಬರೆದಿದ್ದೆ.

ಈ ಸಲವೂ ಹಚ್ಚಿದೆ. ಗಾಡಿ ನಿಲ್ಲದೆ ಗುಂಜಿ ದಾಟಿತು. ನನಗಾಗಿ ಹಾಗೆ ಕಾಯುವವರು ಅವರೊಬ್ಬರೇ. ಅವರು ಇದ್ದಾರೆ.