ಹೊಳೆಯಬಾರದ ಕಡೆ ಹೊಳೆದ ಹಸಿರು

ತೂಗಿ ನೋಡಿದರೆ ಮೊದಲ ನೋಟಕ್ಕೆ ಆಕೆ ಲಾಭ ತರುವ ಆಸಾಮಿಯಲ್ಲ. ಕುಳ್ಳ ಮೈ, ದಾರ ಸುತ್ತಿದ ಕನ್ನಡಕ, ಚೌಕಾಸಿ ಹೆಚ್ಚು, ನಗು ಕಡಿಮೆ. ಪ್ರಯೋಗಾಲಯಗಳಿಗೆ ಸರಕು ಒದಗಿಸುವ ನನ್ನಂಥವನಿಂದ ಒಂದು ಸೀಸೆ ಕೊಂಡರೂ ಬೆಳಕಿಗೆ ಹಿಡಿದು, ಮೂಗು ಮುರಿದೇ ಒಳಗಿಡುವವಳು. ಆದರೆ ಆಕೆ ತಯಾರಿಸುವ ಸರಕಿಗೆ ಎಲ್ಲಿಲ್ಲದ ಬೇಡಿಕೆ.

ರೋಗಾಣು ಮೈಹೊಕ್ಕರೆ ಮೊದಲು ಗುರುತು ಹಿಡಿಯುವುದು ಕಾವಲು ಜೀವಕೋಶಗಳ ಮೇಲಿನ ಗ್ರಾಹಕಗಳೆಂಬ ಕೊಂಡಿಗಳು. ಅವುಗಳಲ್ಲಿ ಒಂದೇ ಒಂದಕ್ಕೆ ಹೋಗಿ ಅಂಟುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಆಕೆಯದು. ಒಂದೇ ತಾಯಿಕೋಶದ ಸಂತತಿ ಒಂದೇ ಅಚ್ಚಿನಲ್ಲಿ ಹೆರುವಂಥದ್ದು. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ಕೋಶಗಳ ಮೇಲೆ ಬಿಟ್ಟರೆ ಆ ಗ್ರಾಹಕ ಇದ್ದಲ್ಲಿ ಹಸಿರು, ಇಲ್ಲದಲ್ಲಿ ಕತ್ತಲೆ. ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ಅಂಟಕ್ಕ.

ಒಂದು ಸಲ ಸರಕು ನನ್ನ ಕೈ ಸೇರುವ ಮೊದಲು, ಗ್ರಾಹಕವೇ ಇಲ್ಲದ ಕೋಶಗಳ ಮೇಲೆ ಹಾಕಿ ನೋಡಿದಳು. ಅವೂ ಹೊಳೆದವು.

"ಸ್ವಲ್ಪ ತಾನೆ ಅಕ್ಕಾ?" ಎಂದಳು ಪಕ್ಕದ ಮೇಜಿನ ಜೊತೆಗಾತಿ. "ಈ ಹೊಳೆದ ಕೋಶಗಳ ಫೋಟೋ ಬಿಟ್ಟು ಉಳಿದ ಫೋಟೋಗಳ ಜೊತೆ ಸರಕು ಕಳಿಸಿಬಿಡಿ. ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

"ಉತ್ತರ ಕೊಡೋರು ಯಾರು?"

"ಈ ಸೀಸೆ. ಬಾಯಿ ಮುಚ್ಕೊಂಡು ಆ ಪಿಪೆಟ್ ಇತ್ತ ತಾ."

ಪ್ರತಿಕಾಯದ ಬಾಲ ಕಂಡರೆ ಸುಮ್ಮಸುಮ್ಮನೆ ಹಿಡಿದುಕೊಳ್ಳುವುದು ಕಾವಲುಕೋಶಗಳ ಚಾಳಿ. ಹಿಡಿಯುವ ಜಾಗಗಳನ್ನೆಲ್ಲ ಮೊದಲೇ ಮುಚ್ಚಿ ಮತ್ತೆ ಹಾಕಿದಳು. ಹೊಳಪು ಇಳಿಯಿತು, ಆರಲಿಲ್ಲ. ಅಂಟಕ್ಕ ಸ್ಟೂಲೆಳೆದು ಕೂತು ತನ್ನ ಟಿಪ್ಪಣಿ ಪುಸ್ತಕ ತಿರುವಿದಳು. ದಂಡವಾಗದಿರಲಿ ಎಂದು ಪ್ರತಿಕಾಯ ಹೆರುವ ಎರಡು ಬಗೆಯ ಕೋಶಗಳಿಗೆ ಒಂದೇ ಬಾಟಲಿಯ ಆಹಾರದ್ರವ ಹಾಕಿದ್ದು ತಾನೇ. ನೆರೆಮನೆಯ ಕೋಶವೊಂದು ಪಿಪೆಟ್ಟಿನ ತುದಿಯೇರಿ ಬಂದು ಇಲ್ಲಿ ಸಂಸಾರ ಹೂಡಿತ್ತು!

ಹೆಪ್ಪುಗಟ್ಟಿಸಿಟ್ಟ ಹಳೆಯ ಕೋಶಗಳನ್ನು ಎಬ್ಬಿಸಲು ನೋಡಿದಳು, ಒಂದೂ ಏಳಲಿಲ್ಲ. ಉಳಿದದ್ದು ಆ ಕಲಬೆರಕೆ ಸೀಸೆ ಮಾತ್ರ. ಅದರಿಂದ ತನ್ನ ಕೋಶವನ್ನು ಹೆಕ್ಕದಿದ್ದರೆ ವರ್ಷಗಳ ದುಡಿಮೆ ಚರಂಡಿಪಾಲು.

"ಗಿರಾಕಿಗಳು ಕಾಯ್ತಿದ್ದಾರೆ ಮೇಡಂ," ಎಂದು ನಾನು ಫೋನಿನಲ್ಲಿ ಗೋಗರೆದೆ.

"ಕಾಯಲಿ. ಆಗದಿದ್ರೆ ಬೇರೆ ಅಂಗಡಿಗೆ ಹೋಗಲಿ."

ಕೋಶಗಳಿದ್ದ ದ್ರವವನ್ನು ತೆಳ್ಳಗೆ ಮಾಡಿ, ತಟ್ಟೆಯ ಗುಳಿಗೊಂದರಂತೆ ಕೋಶ ಬೀಳುವ ಹಾಗೆ ಬಿಟ್ಟಳು. ಸೂಕ್ಷ್ಮದರ್ಶಕದಲ್ಲಿ ಎರಡು ಕಂಡ ಗುಳಿಗೆ ಅಡ್ಡಗೆರೆ. ಒಂಟಿ ಕೋಶಕ್ಕೆ ಬದುಕಲು ಬೇಸರ, ಬಹಳಷ್ಟು ಸತ್ತವು. ಬದುಕಿದವುಗಳ ಪ್ರತಿಕಾಯ ಗ್ರಾಹಕವಿದ್ದ ಕಡೆಯೂ ಇಲ್ಲದ ಕಡೆಯೂ ಹೊಳೆಯಿತು. ಮತ್ತೊಂದು ತಟ್ಟೆ ಹೂಡಿದಳು.

"ಇವತ್ತೂ ನಿನ್ನ ಮಕ್ಕಳು ದೊಡ್ಡವಾಗ್ಲಿಲ್ವಾ?" ಎಂದ ಮನೆಯಲ್ಲಿ ದರ್ಜಿ ಗಂಡ, ಬಾಯಲ್ಲಿ ದಾರ ಕಚ್ಚಿಕೊಂಡು.

"ನಿಮ್ಮ ತಮ್ಮನ ಹಾಗೇ ರೀ. ತಿನ್ನೋದು ಗೊತ್ತು, ಬೆಳೆಯೋದು ಗೊತ್ತಿಲ್ಲ."

ಎರಡನೆಯ ತಟ್ಟೆಯ ಒಂದು ಗುಳಿಯ ದ್ರವವನ್ನು ಗ್ರಾಹಕವಿದ್ದ ಕೋಶಗಳಿಗೆ ಹಾಕಿದಾಗ ಹಸಿರು ಬೆಳಗಿತು. ಇಲ್ಲದವುಗಳಿಗೆ ಹಾಕಿದಳು. ಕತ್ತಲೆ. ಗ್ರಾಹಕವಿಲ್ಲದ ಹೊಸ ಕೋಶಗಳನ್ನು ತಂದು ಅವಕ್ಕೂ ಹಾಕಿದಳು. ಮತ್ತೂ ಕತ್ತಲೆ.

ಜೊತೆಗಾತಿ ಕುಣಿದೇಬಿಟ್ಟಳು. "ಈಗಲಾದ್ರೂ ಕಳಿಸೋಣ್ವಾ ಅಕ್ಕಾ?"

"ಈ ಗುಳಿಯ ಕೋಶಗಳನ್ನೂ ಇನ್ನೊಂದ್ಸಲ ಒಂದೊಂದಾಗಿ ಬಿಡಿಸೋಣ," ಎಂದು ಅಂಟಕ್ಕ ಹೊಸ ತಟ್ಟೆ ಬಿಚ್ಚಿದಳು. "ಆಮೇಲೆ ಕಳಿಸೋದು."

ಆ ಪ್ರತಿಕಾಯವನ್ನು ಈಗ ನಾನು ಮಾರುತ್ತೇನೆ. ಕೊಂಡವರಾರೂ ತಿರುಗಿ ಬಂದು ಜಗಳವಾಡಿಲ್ಲ. ನನ್ನ ಅಂಗಡಿಯ ಮಾಲನ್ನು ಜನ ಕಣ್ಮುಚ್ಚಿ ನಂಬುತ್ತಾರೆಂದರೆ, ಆ ನಂಬಿಕೆಗೆ ನಾನು ಆಕೆಗೆ ಋಣಿ.