ಕೆಮ್ಮು ಅಳಿಸಿದ ಕ್ಯಾಸೆಟ್

ಆ ಗಾಯಕಿಯ ಕುಣಿತದ ಹಾಡುಗಳು ಇವತ್ತಿಗೂ ಕಂಪ್ಲಿ ಬಸ್ಸಿನಲ್ಲಿ ಕಿವಿ ತೂತಾಗುವಂತೆ ಬಡಿದುಕೊಳ್ಳುತ್ತವೆ. ಅವಳ ಮೊದಲ ಆಲ್ಬಮ್ಮಿನ ಕೊನೆಗೆ ಒಂದು ನಿಧಾನದ ಹಾಡಿದೆ. ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಬಿಡಲಿ, ನನಗೇನು! ಅದನ್ನು ಕಟ್ಟಿದವಳು ನಮ್ಮಕ್ಕ. ಮೊದಲು ರೆಕಾರ್ಡ್ ಆದದ್ದು ಹೊಸಪೇಟೆಯಲ್ಲಿ, ಸಂಡೂರು ರಸ್ತೆಗೆ ಮುಖ ಮಾಡಿದ ನಮ್ಮ ಮನೆಯ ಪಡಸಾಲೆಯಲ್ಲಿ.

ಅಕ್ಕ ವೇಬ್ರಿಜ್‌ನಲ್ಲಿ ಅದಿರಿನ ಲಾರಿಗಳಿಗೆ ತೂಕದ ಚೀಟಿ ಬರೆಯುತ್ತಿದ್ದಳು. ದಿನವಿಡೀ ಕೆಂಪು ಧೂಳು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೆ ಬಚ್ಚಲೆಲ್ಲ ಕುಂಕುಮ ಕಲಸಿದಂತಾಗುತ್ತಿತ್ತು. ಕೆಮ್ಮು ಹತ್ತಿಕೊಂಡು ವರ್ಷವಾಗಿತ್ತು. "ಧೂಳಿಗೆ ಬರ್ತೈತಿ, ಹೋಕ್ಕೈತಿ" ಎನ್ನುತ್ತಿದ್ದಳು. ನಾವೂ ಹಾಗೇ ಅಂದುಕೊಂಡೆವು.

ಗಾಯಕಿ ಆಗ ನಮ್ಮ ಓಣಿಯ ಹುಡುಗಿ, ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತಿದ್ದಳು. ಬೆಂಗಳೂರಿನ ಕಂಪನಿಯೊಂದಕ್ಕೆ ಕಳಿಸಲು ಅವಳಿಗೊಂದು ಹೊಸ ಹಾಡು ಬೇಕಿತ್ತು; ಅಕ್ಕ ತನ್ನದನ್ನು ಕೊಟ್ಟಳು. ಡ್ರೈವರ್‌ಗಳು ಊಟಕ್ಕೆ ಲಾರಿ ನಿಲ್ಲಿಸುವ ಮಧ್ಯಾಹ್ನದ ಹೊತ್ತು ನೋಡಿ, ಕಿಟಕಿಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ ಕೂತೆವು. ಟೇಪ್‌ರೆಕಾರ್ಡರ್ ನನ್ನದು, ಹಾಗಾಗಿ ದರ್ಬಾರೂ ನನ್ನದೇ. ಇದ್ದದ್ದು ಒಂದೇ ಕ್ಯಾಸೆಟ್.

ಅಕ್ಕ ಎದುರಿಗೆ ಕೂತು ತಾಳ ಹಾಕುತ್ತಿದ್ದಳು. ಮೊದಲ ಸಲ ಎರಡನೇ ಚರಣಕ್ಕೆ ಕೆಮ್ಮಿದಳು. ಎರಡನೇ ಸಲ ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗಲಿಲ್ಲ. ಮೂರನೇ ಸಲ ಹಾಡು ಇನ್ನೇನು ಮುಗಿಯಬೇಕು, ಆಗ ಕೆಮ್ಮಿದಳು. ಪ್ರತಿ ಸಲವೂ ನಾನು ರಿವೈಂಡ್ ಮಾಡಿ, ಅದರ ಮೇಲೇ ಮತ್ತೆ ರೆಕಾರ್ಡ್ ಒತ್ತಿದೆ.

"ಏನ್ ಅಕ್ಕಾ ನಿಂದು! ಲಾರಿ ಮತ್ತ ಚಾಲೂ ಆಗ್ತಾವ. ಹೊರಗ ಹೋಗಿ ಕುಂದ್ರು," ಎಂದು ಹರಿಹಾಯ್ದೆ.

"ಬ್ಯಾಡ, ಅಕ್ಕ ಇಲ್ಲೇ ಇರ್ಲಿ. ಆಕಿ ಮಾರಿ ನೋಡಿದ್ರ ನನಗ ಸಾಲು ತಪ್ಪಂಗಿಲ್ಲ," ಎಂದಳು ಗಾಯಕಿ.

"ಇರ್ಲಿ ಬಿಡವ್ವಾ, ಸಾಹೇಬ್ರ ಆರ್ಡರ್ ಆಗೇತಿ," ಎಂದು ನಗುತ್ತ ಅಕ್ಕ ಎದ್ದು ಹೋದಳು. ತನ್ನದೇ ಹಾಡು ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ, ಅದೇ ಧೂಳಿನಲ್ಲಿ ಕೂತಳು. ನಾಲ್ಕನೇ ಸಲ ಚೊಕ್ಕವಾಗಿ ಬಂತು. ಅದರ ಪ್ರತಿ ಮಾಡಿಸಿ ಬೆಂಗಳೂರಿಗೆ ಕಳಿಸಿದೆವು. ಮೂಲ ಕ್ಯಾಸೆಟ್ ನನ್ನ ಹತ್ತಿರ ಉಳಿಯಿತು.

ಆಲ್ಬಮ್ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಅವಳ ದನಿಯ ಒಂದು ಚೂರಾದರೂ ಸಿಕ್ಕೀತೇ ಎಂದು ಮನೆಯೆಲ್ಲ ಜಾಲಾಡಿದೆ. ಅವಳ ತಾಳ, ಅವಳ ಕೆಮ್ಮು ಮೂರು ಸಲ ಟೇಪಿಗೆ ಸಿಕ್ಕಿತ್ತು. ಮೂರು ಸಲವೂ ನನ್ನ ಕೈಯಾರೆ ಅಳಿಸಿದ್ದೆ. ದರಿದ್ರ ಕೈ!

ಆ ಕ್ಯಾಸೆಟ್ಟನ್ನೇ ಹಾಕಿ ಕೇಳಿದೆ. ಹಾಡು ಮುಗಿದ ಮೇಲೆ ಬಟನ್ ಒತ್ತಲು ನಾನು ಕೊಂಚ ತಡಮಾಡಿದ್ದೆ. ಆ ಖಾಲಿಯಲ್ಲಿ, ಬಾಗಿಲಾಚೆಯಿಂದ, ಉಸಿರು ಬಿಗಿಹಿಡಿದ ಅಕ್ಕನ ದನಿ.

"ಮುಗೀತೇನ್ಲೇ? ಈಗ ಕೆಮ್ಮಲೇನು?"

ಅಷ್ಟಕ್ಕೇ ಟೇಪು ಕಟ್ ಆಗುತ್ತದೆ. ನನ್ನ ಉತ್ತರ ಅದರಲ್ಲಿಲ್ಲ, ಆದರೆ ನನಗೆ ನೆನಪಿದೆ. "ತಡಿ, ಮೊದ್ಲು ಕೇಳಿ ನೋಡ್ತೀನಿ," ಅಂದಿದ್ದೆ.