ಮಲ್ಲಪ್ಪ ಬಚ್ಚಿಟ್ಟ ಲೇಸಿನ ತುದಿ

ಇವತ್ತು ಬೆಳಗ್ಗೆ ಎಟಿಎಂಗೆ ದುಡ್ಡು ತುಂಬುವ ಗಾಡಿ ನಮ್ಮ ರಸ್ತೆಗೆ ಬಂದಿತ್ತು. ಪಕ್ಕದಲ್ಲಿ ಕಾವಲು ನಿಂತಿದ್ದ ಗನ್‌ಮ್ಯಾನಿನ ಸೊಂಟವನ್ನೇ ನೋಡುತ್ತ ನಿಂತುಬಿಟ್ಟೆ. ತಪ್ಪು ತಿಳಿಯಬೇಡಿ ಮತ್ತೆ. ನಾನು ನೋಡುತ್ತಿದ್ದದ್ದು ಅವನ ಪಿಸ್ತೂಲಿನ ಚರ್ಮದ ಒರೆಯನ್ನು, ಅದರಲ್ಲೂ ಒರೆಯ ಅಂಚಿಗೆ ಸುತ್ತಿದ್ದ ಚರ್ಮದ ಲೇಸನ್ನು. ಒಂದು ಕಡೆ ಸಡಿಲವಾಗಿದೆ ಅನ್ನಿಸಿ ಬಗ್ಗಿದೆ ನೋಡಿ, ಅವನ ಕೈ ಸೀದಾ ಪಿಸ್ತೂಲಿನ ಮೇಲೆ ಹೋಯಿತು.

"ಏನ್ ಸಾರ್, ಏನ್ ಅಂಗ್ ನೋಡ್ತಿದೀರಾ?"

"ಲೇಸ್ ನೋಡ್ತಿದೀನಿ ಕಣಪ್ಪ. ಕೈಯಲ್ ಹಾಕಿದ್ದಾ, ಮಿಷಿನ್ದಾ?"

"ಲೇಸೂ ಇಲ್ಲ, ಪೀಸೂ ಇಲ್ಲ. ಸೈಡಿಗ್ ಹೋಗಿ ಸಾರ್."

ಜನ್ಮವಿಡೀ ಊರವರನ್ನೆಲ್ಲ ಅನುಮಾನದಿಂದ ನೋಡಿದವನನ್ನು ನಡುರಸ್ತೆಯಲ್ಲಿ ಹಾಗೆ ನೋಡಿದರೆ ಹೇಗಿರುತ್ತದೆ ಹೇಳಿ! ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನಮ್ಮ ಹಳೇ ಬಾಡಿಗೆಯವನು ಮಲ್ಲಪ್ಪ ನೆನಪಾಗುತ್ತಿದ್ದ.

ಬಾಗಲಗುಂಟೆಯಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ಬಾಡಿಗೆ ಬೆಳೆಯುತ್ತೇನೆ. ಕೆಳಗೆ ಸಾಲಾಗಿ ಕೋಣೆಗಳು, ಮೇಲೆ ನಾನು, ನಮ್ಮಮ್ಮ. ಬಾಡಿಗೆಯವರ ಮನೆಯಲ್ಲಿ ನೀರು ಜಾಸ್ತಿ ಹರಿದರೆ ನನಗೆ ಅನುಮಾನ. ಕಮ್ಮಿ ಹರಿದರೆ ಇನ್ನೂ ಅನುಮಾನ, ಸ್ನಾನ ಮಾಡದವರು ಎಂಥ ಜನ ಅಂತ. ನೀವು ಯಾವ ಜಾತಿ ಎಂದು ಮುಖಕ್ಕೆ ಕೇಳುವಷ್ಟು ಒರಟ ನಾನಲ್ಲ. "ಮನೆದೇವ್ರು ಯಾವ್ದು?" ಎಂದು ಕೇಳುತ್ತೇನೆ. ದೇವರ ಹೆಸರು ಬಂದರೆ ಹಿಂದೆಯೇ ಜಾತಿಯೂ ಬರುತ್ತದೆ. ನಮ್ಮ ಕಡೆ ಮನೆ ಕೊಡುವವರೆಲ್ಲ ಹೀಗೇ ಕೇಳುವುದು, ಮನೆ ಕೇಳಿಕೊಂಡು ಬಂದವರಿಗೂ ಅದು ಗೊತ್ತಿರುತ್ತದೆ.

ಮಲ್ಲಪ್ಪ ಬಿಜಾಪುರದ ಕಡೆಯವನು. ಹೆಂಡತಿಗೆ ನಮ್ಮ ಹಿಂದಿನ ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಮನೆದೇವರು ಕೇಳಿದ್ದಕ್ಕೆ ಆಸಾಮಿ, "ಎಲ್ಲಾ ದೇವ್ರಿಗೂ ನಡಕೋತೀವ್ರಿ" ಅಂದ. ಕೆಲಸ ಕೇಳಿದ್ದಕ್ಕೆ, "ಬ್ಯಾಗ್ ಹೊಲೀತೀನ್ರಿ" ಅಂದ. ನನಗೆ ಎರಡೂ ಉತ್ತರ ಗಂಟಲಿಂದ ಕೆಳಗಿಳಿಯಲಿಲ್ಲ. ಆದರೂ ಕೋಣೆ ಬಹಳ ದಿನದಿಂದ ಖಾಲಿ ಬಿದ್ದಿತ್ತು, ಕೊಟ್ಟೆ.

ಒಂದು ಮಧ್ಯಾಹ್ನ ನೀರಿನ ಮೋಟರು ನೋಡುವ ನೆಪದಲ್ಲಿ ಅವನ ಕಿಟಕಿಯೊಳಗೆ ಇಣುಕಿದೆ. ಚಾಪೆಯ ಮೇಲೆ ಪಿಸ್ತೂಲುಗಳು! ಒಂದಲ್ಲ, ಸಾಲಾಗಿ ಮಲಗಿವೆ. ಓಡಿಹೋಗಬೇಕಾದವನು ಬಾಗಿಲನ್ನೇ ತಳ್ಳಿದೆ.

"ಏನಯ್ಯಾ ಇದು?"

"ಕಟಗೀವು ಅದಾವ್ರಿ ಮಾಲಕ್ರ, ಹಿಡದು ನೋಡ್ರಿ," ಅಂತ ಒಂದನ್ನು ಕೈಗಿತ್ತ. ನಿಜ, ಮರದ ಅಚ್ಚು. ಅದರ ಮೇಲೆ ಹಸಿ ಚರ್ಮ ಒತ್ತಿ ಆಕಾರ ಕೊಟ್ಟು, ಅಂಚಿಗೆ ತೂತು ಹೊಡೆದು ಲೇಸು ಹಾಕಿದರೆ ಪಿಸ್ತೂಲಿನ ಒರೆ. ಪೀಣ್ಯದ ಒಂದು ಅಂಗಡಿಯವರು ಸಾಮಾನು ಕೊಟ್ಟು ಮಾಡಿಸಿಕೊಳ್ಳುತ್ತಿದ್ದರಂತೆ.

"ಮತ್ತೆ ಬ್ಯಾಗು ಅಂದ್ಯಲ್ಲೋ?"

"ಇದೂ ಚೀಲಾನರೀ. ಪಿಸ್ತೂಲಿಂದು."

ಅಮ್ಮನಿಗೆ ಹೇಳಿದರೆ ಪಿಸ್ತೂಲಿನ ವಿಷಯ ಅವಳ ಕಿವಿಗೇ ಹೋಗಲಿಲ್ಲ. "ತೊಗಲಾ? ಅದ್ಕೇ ಕಣ್ಲಾ ಆ ವಾಸ್ನೆ! ಯಾವ್ ಜನಾನೋ ಏನೋ, ಮೊದ್ಲು ಖಾಲಿ ಮಾಡ್ಸು" ಅಂದಳು. ಸ್ವಲ್ಪ ನಿಗಾ ಇಟ್ಟು ನೋಡುತ್ತೇನೆ ಎಂದೆ. ನಿಗಾ ಇಡಬೇಕಾದರೆ ಅವನ ಬಾಗಿಲಲ್ಲಿ ಕೂರಬೇಕು, ಕೂರಲು ಒಂದು ನೆಪ ಬೇಕು. ಮಾರನೆಯ ದಿನ ಕುರ್ಚಿ ಹಿಡಿದುಕೊಂಡು ಹೋಗಿ, "ನಂಗೂ ಕಲ್ಸು ಮಾರಾಯ" ಅಂದೆ.

ಮಲ್ಲಪ್ಪ ಕೈಯಲ್ಲಿದ್ದ ಸೂಜಿ ಕೆಳಗಿಟ್ಟ. "ಕಲಿಸ್ತೀನ್ರಿ. ಆದ್ರ ಮನಿ ಬಿಡು ಅಂತ ಅನಬ್ಯಾಡ್ರಿ. ತೊಗಲು ಅಂದಕೂಡ್ಲೇ ಎಲ್ಲಾರೂ ಬಿಡಿಸ್ತಾರ. ಮನಿ ಹುಡುಕಿ ಹುಡುಕಿ ನಾ ಸೋತೀನ್ರಿ. ಈಕೀಗೂ ಕೆಲಸಾ ಇಲ್ಲೇ ಬಾಜೂಕ ಐತಿ."

"ಛೆ ಛೆ, ಹಂಗ್ಯಾಕಂತೀನಿ?" ಅಂದೆ. ನಾನು ಹೀಗೆ ಎರಡು ಸಲ ಛೆ ಅಂದರೆ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೇನೆ ಎಂದು ಅರ್ಥ.

ಪತ್ತೇದಾರಿಕೆಗೆ ಕೂತವನಿಗೆ ಆ ಕೆಲಸದ ಹುಚ್ಚು ಯಾವಾಗ ಹಿಡಿಯಿತೋ ಗೊತ್ತಿಲ್ಲ. ಆಡಿನ ಚರ್ಮದಿಂದ ಸೀಳಿದ ದಾರದಂಥ ಪಟ್ಟಿ, ಅದೇ ಲೇಸು. ಅದಕ್ಕೆ ಜೇನುಮೇಣ ತಿಕ್ಕಿ, ಚಪ್ಪಟೆ ಸೂಜಿಗೆ ಸಿಕ್ಕಿಸಿ, ತೂತಿನಲ್ಲಿ ನುಗ್ಗಿಸಿ, ಅಂಚಿನ ಮೇಲೆ ತಂದು, ಹಿಂದಿನ ಸುತ್ತಿನ ಕೆಳಗೆ ತೂರಿಸಿ ಎಳೆಯಬೇಕು. ಸರಿಯಾಗಿ ಬಂದರೆ ಕರ್ಜಿಕಾಯಿಯ ಅಂಚು ಮಡಿಚಿದ ಹಾಗೆ ಕಾಣುತ್ತದೆ. ನನ್ನದು ಬರುತ್ತಿರಲಿಲ್ಲ. ಬಿಚ್ಚಿಕೊಂಡೀತು ಎಂಬ ಭಯಕ್ಕೆ ಒಂದೊಂದು ಸುತ್ತನ್ನೂ ಜಗ್ಗಿ ಜಗ್ಗಿ ಎಳೆದು ತೂತನ್ನೇ ಹರಿದುಬಿಡುತ್ತಿದ್ದೆ.

"ಎತ್ತಿನ ಮೂಗುದಾರ ಅಲ್ರೀ ಅದು, ಹಂಗ್ಯಾಕ ಜಗ್ತೀರಿ? ಒಂದ್ ಸುತ್ತು ಹಾಕೂದು, ಬಿಡೂದು. ಮುಂದಿಂದು ಅದನ್ನ ಹಿಡಕೋತೈತಿ."

ಬಿಡುವುದು ಅಂದರೆ ನನ್ನಂಥವನಿಗೆ ಎಷ್ಟು ಕಷ್ಟ! ಆದರೂ ಕೈ ನಿಧಾನಕ್ಕೆ ಪಳಗಿತು. ಖಾಲಿ ಮಾಡಿಸಿದೆಯಾ ಎಂದು ಅಮ್ಮ ಕೇಳಿದಾಗಲೆಲ್ಲ, ಇನ್ನೂ ನೋಡ್ತಿದೀನಿ ಅನ್ನುತ್ತಿದ್ದೆ.

ಒಂದು ವಿಷಯ ಮಾತ್ರ ನನ್ನ ತಲೆ ಕೊರೆಯುತ್ತಿತ್ತು. ಒರೆಯ ಮೂತಿಯ ಹತ್ತಿರ ಲೇಸು ಮುಗಿಯುವ ಹೊತ್ತಿಗೆ ಸರಿಯಾಗಿ ಮಲ್ಲಪ್ಪ, "ಮಾಲಕ್ರ, ಮ್ಯಾಲ ಹೋಗಿ ಚಾ ಕುಡದು ಬರ್ರಿ" ಅನ್ನುತ್ತಿದ್ದ. ಕುಡಿದು ಬಂದರೆ ಲೇಸಿನ ತುದಿಯೇ ಮಾಯ. ಗಂಟಿಲ್ಲ, ಬಾಲವಿಲ್ಲ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಚಹಾ ಬೇಡವೆಂದು ಹಟ ಹಿಡಿದು ಕೂತರೆ ಬೆನ್ನು ತಿರುಗಿಸಿಬಿಡುತ್ತಿದ್ದ. ಇದರೊಳಗೆ ಏನೋ ಇಡುತ್ತಾನೆ, ಗಾಂಜಾನೇ ಇರಬೇಕು ಎಂದು ಒಂದನ್ನು ಕದ್ದು ಮೂಸಿ ನೋಡಿದೆ. ಚರ್ಮ, ಮೇಣ, ಅಷ್ಟೇ. ಬಿಚ್ಚಿ ನೋಡಲು ಹೋಗಿ ಒಳ್ಳೆಯ ಒರೆಯೊಂದು ಹಾಳಾಯಿತು. ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂಬುದಂತೂ ಖಾತ್ರಿಯಾಯಿತು.

ಹೀಗೇ ಒಂದು ಯುಗಾದಿ ಕಳೆಯಿತು. ಆಮೇಲೆ ಒಂದು ದಿನ ಅವನೇ ಬಂದು ಕೋಣೆ ಬಿಡುತ್ತೇನೆ ಅಂದ. ಲಗ್ಗೆರೆಯಲ್ಲಿ ಕೆಲಸಕ್ಕೂ ವಾಸಕ್ಕೂ ಆಗುವಂಥ ಶೆಡ್ಡು ಸಿಕ್ಕಿತ್ತಂತೆ. ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಸಾಮಾನೆಲ್ಲ ಆಟೋಗೆ ಹಾಕಿದ ಮೇಲೆ ಒಂದು ಅರ್ಧ ಮುಗಿದ ಒರೆ ಹಿಡಿದುಕೊಂಡು ತನ್ನ ಬಾಗಿಲ ಹೊಸ್ತಿಲಲ್ಲಿ ಕೂತ.

"ಬರ್ರಿ ಮಾಲಕ್ರ, ತುದಿ ಮುಚ್ಚೂದು ಕಲಿಸ್ತೀನಿ."

ಎರಡು ಪದರ ಚರ್ಮದ ನಡುವೆ ಸೂಜಿ ತೂರಿಸಿ, ಲೇಸನ್ನು ಹಿಂದಿನ ಸುತ್ತುಗಳ ಅಡಿಯಲ್ಲೇ ಹಿಂದಕ್ಕೆ ಎಳೆದು, ಅಂಟು ಸವರಿ, ಕತ್ತರಿಸಿಬಿಟ್ಟ. ನಾನೂ ಮಾಡಿದೆ. ಮೊದಲ ಸಲಕ್ಕೇ ಬಂತು!

"ಅಯ್ಯೋ ಇಷ್ಟೇನಾ? ಇಷ್ಟಕ್ಕೆ ಇಷ್ಟು ದಿನ ಬೆನ್ನು ತಿರುಗಿಸ್ಕೊಂಡು ಕೂತಿದ್ಯಾ? ಯಾಕೋ?"

ಮಲ್ಲಪ್ಪ ಸೂಜಿ ಒರೆಸಿ ಡಬ್ಬಿಗೆ ಹಾಕಿದ. "ಅವತ್ತೇ ಕಲಿಸಿದ್ರ ನಿಮ್ದು ಕಲಿಯೂದು ಮುಗೀತಿತ್ರಿ. ಮುಗದ ಮ್ಯಾಲ ನಾ ನಿಮಗ ಯಾಕ ಬೇಕಿದ್ದೆ? ಮನಿ ಬಿಡಿಸ್ತಿದ್ರಿ."

"ನಾನು ಹಂಗಲ್ಲ ಕಣೋ" ಅನ್ನಬೇಕು ಎಂದುಕೊಂಡೆ. ನಾನು ಅವನ ಮೇಲೆ ನಿಗಾ ಇಟ್ಟಿದ್ದೇನೆ ಎಂದುಕೊಂಡಿದ್ದ ಅಷ್ಟೂ ದಿನ ಅವನು ನನ್ನ ಮೇಲೆ ನಿಗಾ ಇಟ್ಟಿದ್ದ. ಲಗ್ಗೆರೆಯಲ್ಲಿ ಯಾವ ರಸ್ತೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ಗನ್‌ಮ್ಯಾನಿನಿಂದ ಬೈಸಿಕೊಂಡು ಬಂದವನು ಹಳೇ ನಂಬರು ಹುಡುಕಿ ಫೋನು ಮಾಡಿದೆ. ದನಿ ಗುರುತು ಹಿಡಿದ ಕೂಡಲೇ, "ಅಯ್ಯ, ಮಾಲಕ್ರ! ಲೇಸು ಹರದ್ರೇನು?" ಅಂದ. ನಕ್ಕೆವು. ಬೆಳಗಿನ ಕಥೆಯೆಲ್ಲ ಹೇಳಿ, ಭಾನುವಾರ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಾ ಅಂದೆ.

"ಬರ್ತೀವ್ರಿ." ಅಂದ. ಆಮೇಲೆ ನಗುನಗುತ್ತಲೇ ಕೇಳಿದ. "ಮನಿಗೆ ಅಂದ್ರ, ಕೆಳಗ ಏನ್ರಿ, ಮ್ಯಾಲ ಏನ್ರಿ?"

ಅಷ್ಟು ದಿನ ಅವನ ಬಾಗಿಲಲ್ಲಿ ಕೂತಿದ್ದೇನೆ, ಅವನ ಹೆಂಡತಿ ಕೊಟ್ಟ ರೊಟ್ಟಿ ತಿಂದಿದ್ದೇನೆ. ಮಲ್ಲಪ್ಪ ಒಂದು ದಿನವೂ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಬಾ ಎಂದು ನಾನು ಕರೆದಿರಲಿಲ್ಲ.

"ಮೇಲೆ," ಅಂದೆ. "ಊಟಕ್ಕೆ."

ಫೋನು ಇಟ್ಟು ತಿರುಗಿದರೆ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಯಾರ್ಲಾ ಬರೋದು?"

"ಮಲ್ಲಪ್ಪನವರು ಕಣಮ್ಮ. ನಂಗೆ ಕೆಲ್ಸ ಕಲ್ಸಿದ್ರಲ್ಲ. ಭಾನುವಾರ ಊಟಕ್ ಬರ್ತಾರೆ."

ಮಲ್ಲಪ್ಪನನ್ನು ಇಷ್ಟು ದಿನ ಅವನು, ಇವನು ಎಂದೇ ಅನ್ನುತ್ತಿದ್ದ ನನ್ನನ್ನು ಅಮ್ಮ ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡಿದಳು.

"ಬರ್ತಾರೆ?"

"ಹೂಂ," ಅಂದೆ. "ಬರ್ತಾರೆ."